ಸತ್ತಾಳೆಂದು ಸಹಿ ಹಾಕಿದ ಓಣಿ

ಕೊರೋನಾ ಕಾಲ ಮುಗಿದು, ಬ್ಯಾಂಕಿನ ಕೌಂಟರುಗಳ ಮುಂದೆ ಕಟ್ಟಿದ್ದ ಹಗ್ಗ ಬಿಚ್ಚಿದ ಮರುವರ್ಷದ ಮಾತು. ಆಗ ನಾನು ಯಾದಗಿರಿಯಲ್ಲಿ, ಒಂದು ಬ್ಯಾಂಕಿನ ವಸೂಲಿ ವಿಭಾಗದಲ್ಲಿ ಹಿರಿಯ ಅಧಿಕಾರಿ. ನಿವೃತ್ತಿಗೆ ಇನ್ನು ವರ್ಷ ಚಿಲ್ಲರೆ ಉಳಿದಿತ್ತು. ಶಹಾಪುರ, ಸುರಪುರ, ಹುಣಸಗಿ, ಕೆಂಭಾವಿ ಕಡೆಯ ಶಾಖೆಗಳಲ್ಲಿ ಕೆಟ್ಟ ಸಾಲಗಳೆಲ್ಲ ಕೊನೆಗೆ ನನ್ನ ಮೇಜಿಗೇ ಬಂದು ಬೀಳುತ್ತಿದ್ದವು. ಜನ ನನ್ನನ್ನು ‘ಜಪ್ತಿ ಸಾಹೇಬ’ ಎನ್ನುತ್ತಿದ್ದರು, ಎದುರಿಗಲ್ಲ, ಬೆನ್ನ ಹಿಂದೆ. ಮದುವೆಗೆ ಹೋದರೆ ನಾನು ಕುಳಿತ ಪಂಕ್ತಿಯಿಂದ ನಾಲ್ಕು ಜನ ಎದ್ದು ಹೋಗುತ್ತಿದ್ದರು. ನನ್ನ ಹೆಂಡತಿಗೆ ಅದೊಂದು ನಗೆ. “ನಿಮ್ಮ ಜೋಡಿ ಬಂದ್ರ ಊಟಕ್ಕ ಜಾಗಾ ಜಲ್ದಿ ಸಿಗ್ತದ ನೋಡ್ರಿ” ಎನ್ನುತ್ತಿದ್ದಳು.

ಓದುಗರಿಗೆ ಮೊದಲೇ ಒಂದು ವಿಷಯ ತಿಳಿಸಿಬಿಡುತ್ತೇನೆ. ಮನೆ ಅಡವಿಟ್ಟು ಸಾಲ ತೆಗೆದವರು ಕಂತು ಕಟ್ಟದೆ ಹೋದರೆ, ಬ್ಯಾಂಕು ನೋಟಿಸು ಕೊಟ್ಟು, ಮನೆಯನ್ನು ಸ್ವಾಧೀನಕ್ಕೆ ತೆಗೆದುಕೊಂಡು ಹರಾಜು ಹಾಕಬಹುದು. ಅದಕ್ಕೆ ಸರ್ಫೇಸಿ ಎಂಬ ಕಾಯ್ದೆ ಇದೆ. ಇಷ್ಟು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಅದೇ ಕಾಯ್ದೆಯ ಇನ್ನೊಂದು ಮಾತು. ಹರಾಜಿನಲ್ಲಿ ಬಂದ ಹಣದಿಂದ ಖರ್ಚು, ಅಸಲು, ಬಡ್ಡಿ ಮುರಿದುಕೊಂಡ ಮೇಲೆ ಏನಾದರೂ ಉಳಿದರೆ ಅದು ಬ್ಯಾಂಕಿನದಲ್ಲ, ಮನೆ ಕಳೆದುಕೊಂಡವರದು. ನಾವು ಅದಕ್ಕೆ ಸರ್‌ಪ್ಲಸ್ ಎನ್ನುತ್ತೇವೆ. ಹರಾಜಾದ ಮನೆಯವರು ಬ್ಯಾಂಕಿನ ಬೋರ್ಡು ಕಂಡರೆ ರಸ್ತೆಯ ಆ ಬದಿಗೆ ಹೋಗುತ್ತಾರೆ, ಒಳಗೆ ಬಂದು ಉಳಿದದ್ದೆಷ್ಟು ಎಂದು ಕೇಳುವವರು ಯಾರು? ನಾವು ಹಳೆಯ ವಿಳಾಸಕ್ಕೆ, ಅಂದರೆ ನಾವೇ ಖಾಲಿ ಮಾಡಿಸಿದ ಮನೆಗೆ, ಒಂದು ರಿಜಿಸ್ಟರ್ಡ್ ಪತ್ರ ಹಾಕುತ್ತೇವೆ. ‘ವಿಳಾಸದಾರರು ಇಲ್ಲ’ ಎಂಬ ಷರಾದೊಂದಿಗೆ ಅದು ವಾಪಸು ಬರುತ್ತದೆ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಸುಳ್ಳಲ್ಲ.

ಶಹಾಪುರದ ಶಿವರಾಯನ ಮನೆಯ ಕಥೆಯೂ ಹೀಗೇ ಆಗಿತ್ತು. ಶಿವರಾಯ ಸರಕು ಸಾಗಿಸುವ ಟೆಂಪೊ ಇಟ್ಟುಕೊಂಡವನು. ಎರಡನೇ ಟೆಂಪೊ ಕೊಳ್ಳಲು ಮನೆ ಅಡವಿಟ್ಟು ಸಾಲ ಮಾಡಿದ. ಜಾಮೀನಿಗೆ ಹೆಂಡತಿ ಶರಣಮ್ಮ ಹೆಬ್ಬೆಟ್ಟು ಒತ್ತಿದಳು. ಕಾಮಣಿ ರೋಗದಿಂದ ಅವನು ತೀರಿಕೊಂಡ, ಕಂತುಗಳು ನಿಂತವು, ಟೆಂಪೊಗಳು ಹೋದವು, ಕೊನೆಗೆ ಮನೆಯೂ ಹೋಯಿತು. ಇದೆಲ್ಲ ನಾನು ಯಾದಗಿರಿಗೆ ಬರುವ ಮೊದಲೇ ನಡೆದದ್ದು. ಮನೆ ಹದಿನೆಂಟೂವರೆ ಲಕ್ಷಕ್ಕೆ ಹೋಗಿತ್ತು. ನಮ್ಮ ಬಾಕಿ, ಖರ್ಚು ಎಲ್ಲ ಸೇರಿ ಹನ್ನೆರಡು ಲಕ್ಷ. ಉಳಿದ ಆರೂವರೆ ಲಕ್ಷ ಯಾರೂ ಕೇಳುವವರಿಲ್ಲದೆ ಬ್ಯಾಂಕಿನಲ್ಲಿ ಬಿದ್ದಿತ್ತು.

ಕೇಳುವವನೊಬ್ಬ ಬಂದ. ಶಿವರಾಯನ ತಮ್ಮ ಮಲ್ಲಣ್ಣ, ಕೆಂಭಾವಿಯವನು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಒಂದು ಚೀಲ ಶೇಂಗಾ. ಶೇಂಗಾ ಚೀಲವನ್ನು ಬಾಗಿಲ ಹೊರಗೇ ಇಡಿಸಿದೆ. ಅಣ್ಣ ಸತ್ತ, ಅವನಿಗೆ ಮಕ್ಕಳಿಲ್ಲ, ಅಪ್ಪ ಅವ್ವ ಮೊದಲೇ ಇಲ್ಲ, ಈಗ ವೈನಿ ಶರಣಮ್ಮನೂ ತೀರಿಕೊಂಡಿದ್ದಾಳೆ, ಆದ್ದರಿಂದ ತಾನೇ ವಾರಸುದಾರ ಎಂಬುದು ಅವನ ಮಾತು. ಕಾನೂನಿನ ಪ್ರಕಾರ ಅದು ಸರಿಯೇ, ಶರಣಮ್ಮ ನಿಜವಾಗಿ ಸತ್ತಿದ್ದರೆ. ಮರಣ ಪ್ರಮಾಣಪತ್ರ ಕೇಳಿದೆ. ಆಗ ನೋಂದಣಿ ಮಾಡಿಸಿರಲಿಲ್ಲವಂತೆ. ತಡವಾದ ನೋಂದಣಿಗೆ ದಂಡಾಧಿಕಾರಿಗಳ ಆದೇಶ ಬೇಕು, ಅದಕ್ಕೆ ಅರ್ಜಿ ಹಾಕಿದ್ದೇನೆ, ಬರುವ ಗುರುವಾರದಾಚೆಯ ಗುರುವಾರ ವಿಚಾರಣೆ ಇದೆ ಎಂದ. ಅರ್ಜಿಯ ಜೊತೆ ಶರಣಮ್ಮನ ಓಣಿಯ ಏಳು ಜನರ ಹೇಳಿಕೆ ಇತ್ತು. ಆಕೆ ಸತ್ತು ಎರಡು ವರ್ಷವಾಯಿತು ಎಂದು ಎಲ್ಲರೂ ಸಹಿ, ಹೆಬ್ಬೆಟ್ಟು ಹಾಕಿದ್ದರು.

“ಬಡ್ಡಿ ಸೇರಿ ಎಷ್ಟಾಗ್ತದ್ರಿ ಸಾಹೇಬ್ರ?” ಎಂದು ಮಲ್ಲಣ್ಣ ಕೇಳಿದ. ಹಾಗೆ ಕೇಳಿದ ಮೇಲೆ ನೆನಪಾಗಿ ಕಣ್ಣೊರೆಸಿಕೊಂಡ. ಕಣ್ಣೀರು ಮೊದಲು ಬಂದು ಬಡ್ಡಿ ಆಮೇಲೆ ಬಂದಿದ್ದರೆ ನಾನು ನಂಬುತ್ತಿದ್ದೆನೋ ಏನೋ.

ನಮ್ಮ ಮುಖ್ಯ ವ್ಯವಸ್ಥಾಪಕರು ಮಂಡ್ಯದ ಕಡೆಯವರು, ಒಳ್ಳೆಯ ಮನುಷ್ಯ, ಆದರೆ ಆಡಿಟ್ ಎಂದರೆ ಮೈ ಬೆವರುವ ಪೈಕಿ. “ಸರ್ಟಿಫಿಕೇಟ್ ಬರ್ಲಿ, ಕೊಟ್ಟು ಕೈ ತೊಳ್ಕೊಳ್ಳಿ. ಆಡಿಟ್‌ನವರು ಇದನ್ನೇ ಎತ್ತಿ ಎತ್ತಿ ಕೇಳ್ತಿದಾರೆ” ಎಂದರು. ನಾನು ಹೂಂ ಅಂದೆ. ಆದರೂ ತಡೆಯಲಾಗಲಿಲ್ಲ, ಮಾರನೆಯ ದಿನವೇ ಬ್ಯಾಂಕಿನ ಜೀಪು ಹತ್ತಿ ಶಹಾಪುರಕ್ಕೆ ಹೋದೆ. ಕಿತ್ತುಕೊಳ್ಳುವಾಗ ಮನೆಯ ಬಾಗಿಲು ನೋಡುವವರು, ಕೊಡುವಾಗಲೂ ಒಮ್ಮೆ ನೋಡಬೇಕಲ್ಲ.

ಓಣಿಯ ತುದಿಯಲ್ಲಿ ಜೀಪು ನಿಂತದ್ದೇ ತಡ, ಮೂರು ಬಾಗಿಲು ಮುಚ್ಚಿದ ಸಪ್ಪಳ ಕೇಳಿಸಿತು. ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದ ಖಾಜಾಸಾಬನಿಗೆ ಮಾತ್ರ ಏಳಲಿಕ್ಕೆ ಆಗಲಿಲ್ಲ, ಕೈಯಲ್ಲಿ ಯಾರದೋ ಕುಬಸ ಅರ್ಧ ಹೊಲಿದಿತ್ತು. ಹೇಳಿಕೆಯಲ್ಲಿ ಮೊದಲ ಸಹಿ ಅವನದೇ. ನಾನು ಶರಣಮ್ಮನ ಹೆಸರು ತೆಗೆಯುವ ಮೊದಲೇ, “ಅಕಿ ಸತ್ತು ಹೋಗ್ಯಾಳ್ರಿ” ಎಂದ. ಎದುರು ಮನೆಯವರನ್ನು ಕೇಳಿದೆ. “ಸತ್ತು ಹೋಗ್ಯಾಳ್ರಿ.” ನಳದ ಹತ್ತಿರ ನಿಂತವರನ್ನು ಕೇಳಿದೆ. ಅದೇ ಮಾತು, ಅದೇ ಧಾಟಿ. ಶಾಲೆಯಲ್ಲಿ ಮಗ್ಗಿ ಒಪ್ಪಿಸಿದ ಹಾಗೆ ಒಬ್ಬರಾದರೂ ತಪ್ಪಲಿಲ್ಲ.

ಕಟ್ಟೆಯ ಮೇಲೆ ನೀಲಮ್ಮ ಎಂಬ ಮುದುಕಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಶರಣಮ್ಮನ ಗೋಡೆಗೆ ಗೋಡೆ ಹತ್ತಿದ ಮನೆ ಅವಳದು. ಹೇಳಿಕೆಯಲ್ಲಿ ಎರಡನೇ ಹೆಬ್ಬೆಟ್ಟೂ ಅವಳದೇ. ನಾನು ಹೋಗಿ ಅವಳ ಪಕ್ಕದಲ್ಲೇ ಕುಳಿತೆ. ಖಾಜಾಸಾಬನೂ ಕುತೂಹಲ ತಾಳದೆ ಎದ್ದು ಬಂದ.

ನಾನು ಶಹಾಪುರದ ಹತ್ತಿರದ ಸಗರದವನು, ಅಲ್ಲೇ ಹುಟ್ಟಿ ಬೆಳೆದವನು. ನಮ್ಮ ಕಡೆ ಸಾವಿನ ಸುದ್ದಿ ಬಂದರೆ ಮೊದಲು ಕೇಳುವುದು ‘ಮಣ್ಣು ಯಾವಾಗ’ ಎಂದೇ. ಅಂತ್ಯಕ್ರಿಯೆಗೆ ನಾವು ಅನ್ನುವುದೇ ಮಣ್ಣು ಎಂದು. ಹಗೆ ಸತ್ತರೂ ಹೋಗಿ ಒಂದು ಹಿಡಿ ಮಣ್ಣು ಹಾಕಿ ಬರುವುದು ರಿವಾಜು. ಮಣ್ಣಿಗೆ ಹೋಗದೆ ಉಳಿದರೆ ಅದನ್ನು ಹತ್ತು ವರ್ಷವಾದರೂ ಎತ್ತಿ ಆಡುತ್ತಾರೆ. ಆದ್ದರಿಂದ ನಾನು ನೀಲಮ್ಮನನ್ನು ಮೆಲ್ಲಗೆ ಕೇಳಿದೆ:

“ಯವ್ವಾ, ಮಣ್ಣ ಎಲ್ಲಾತು? ನೀ ಮಣ್ಣ ಕೊಟ್ಟಿಯೇನು?”

ನೀಲಮ್ಮನ ಕೈ ನಿಂತಿತು. ಖಾಜಾಸಾಬನತ್ತ ತಿರುಗಿ, “ನೀವರ ಹೋಗಿದ್ರೇನು ಸಾಬ, ಮಣ್ಣಿಗಿ?” ಎಂದೆ. ಅವನು ಸೂಜಿ ಚುಚ್ಚದಂತೆ ಬೆರಳಿಗೆ ಹಾಕಿದ್ದ ಅಂಗುಸ್ತಾನ ತಿರುವುತ್ತ ನಿಂತ. ನಳದ ಹತ್ತಿರದವರು ಕೊಡ ತುಂಬಿ ಹರಿಯುತ್ತಿದ್ದರೂ ನೋಡಲಿಲ್ಲ. ಸತ್ತಾಳೆ ಎಂದು ಸಲೀಸಾಗಿ ಹೇಳಿದ ಬಾಯಿಗಳು, ಮಣ್ಣು ಕೊಟ್ಟೆವು ಎನ್ನಲು ಮಾತ್ರ ಒಲ್ಲೆ ಎಂದವು. ಬದುಕಿದ್ದವಳಿಗೆ ಮಣ್ಣು ಹಾಕಿದೆ ಎಂದು ಬಾಯಿಬಿಟ್ಟು ಅನ್ನುವುದು ಯಾರಿಂದಾಗುತ್ತದೆ? ಆ ಕ್ಷಣದಲ್ಲೇ ನನಗೆ ಖಾತ್ರಿಯಾಯಿತು. ಶರಣಮ್ಮ ಎಲ್ಲೋ ಗಟ್ಟಿಮುಟ್ಟಾಗಿ ಇದ್ದಾಳೆ. ಆಹಾ, ಎಂಥ ಹಗುರವಾಯಿತು ಮನಸ್ಸು!

“ಅಕೀಗೆ ರೊಕ್ಕ ಕೊಡೂದದ. ಅದಕ್ಕ ಹುಡಕಾಕತ್ತೀನಿ” ಎಂದೆ.

ಇಡೀ ಓಣಿ ನಕ್ಕಿತು. ಮುಚ್ಚಿದ ಬಾಗಿಲುಗಳ ಹಿಂದಿನಿಂದಲೂ ನಗು ಕೇಳಿಸಿತು. “ಬ್ಯಾಂಕಿನೋರು ರೊಕ್ಕ ಕೊಡಾಕ ಬಂದಾರಂತ, ಕೇಳ್ರೆವ್ವಾ!” ಎಂದಳು ನೀಲಮ್ಮ. “ನಿಮ್ಮ ಜೀಪಿಗಿ ನಮ್ಮ ಓಣಿ ಹಾದಿ ಗೊತ್ತಿದ್ದದ್ದು ಒಯ್ಯಾಕ್ರಿ, ಕೊಡಾಕಲ್ಲ. ಹೊತ್ತಾತು, ಹೋಗ್ರಿ.”

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಎದ್ದು ನಿಂತೆ. “ಚಲೋ ಆತು ಬಿಡ್ರಿ. ನೀವು ಅಕೀನ ಸಾಯಿಸಿದ್ದು ಮಲ್ಲಣ್ಣಗ ಬರಾಬರ್ ಆತು. ಆರೂವರಿ ಲಕ್ಷ ಅಂವ ಒಯ್ತಾನ. ನೀವs ಸಹಿ ಹಾಕಿ ಕೊಟ್ಟೀರಿ” ಎಂದೆ.

ನಗು ಪಟ್ಟನೆ ನಿಂತಿತು. “ಯಾ ಅಲ್ಲಾ! ಅಂವ ನಮಗ ಬ್ಯಾರೇನs ಹೇಳಿದ್ನಲ್ರಿ” ಎಂದ ಖಾಜಾಸಾಬ. ಆಗ ಎಲ್ಲ ಹೊರಗೆ ಬಂತು. ಹರಾಜಿಗೆ ಮೊದಲು ವಸೂಲಿಯವರು ಜಾಮೀನುದಾರಳನ್ನು ಹುಡುಕಿಕೊಂಡು ಬಂದಾಗಲೆಲ್ಲ ಓಣಿಯವರು ‘ಊರಾಗಿಲ್ಲ’ ಎನ್ನುತ್ತಿದ್ದರು. ಪದೇ ಪದೇ ಬರತೊಡಗಿದಾಗ ‘ಸತ್ತಾಳ’ ಎಂದುಬಿಟ್ಟರು. ಮನೆ ಹೋದ ಮೇಲೂ ಹೆಬ್ಬೆಟ್ಟಿನ ಸಾಲ ಶರಣಮ್ಮನ ಬೆನ್ನು ಹತ್ತುತ್ತದೆ ಎಂದೇ ಎಲ್ಲರ ತಿಳಿವಳಿಕೆ. ಮಲ್ಲಣ್ಣನಿಗೆ ಈ ಸುಳ್ಳಿನ ವಾಸನೆ ಹತ್ತಿತು. ಅವನು ಬಂದು, ‘ನೀವು ಬಾಯಿಲೆ ಹೇಳೂದನ್ನ ಬರದು ಕೊಡ್ರಿ, ಜಾಮೀನ ಕೇಸು ಕಾಯಂ ಮುಚ್ಚತದ, ವೈನಿ ನಿಶ್ಚಿಂತಿ ಇರ್ತಾಳ’ ಎಂದು ಸಹಿ ಮಾಡಿಸಿಕೊಂಡು ಹೋಗಿದ್ದ. ಶರಣಮ್ಮನ ಮೇಲಿನ ಮಮತೆಗೆ ಓಣಿಯವರು ಕೊಟ್ಟ ಹೇಳಿಕೆ ಅದು. ಅದನ್ನೇ ಹಿಡಿದು ಅವನು ಆಕೆಯ ಬಾಯಿಂದ ತುತ್ತು ಕಸಿಯಲು ಹೊರಟಿದ್ದ.

ಪ್ರಮಾಣಪತ್ರ ಬಂದರೆ ಏನಾಗುತ್ತದೆ ಎಂದೂ ಹೇಳಿದೆ. ರೊಕ್ಕ ಹೋಗುವುದೊಂದೇ ಅಲ್ಲ. ಸರ್ಕಾರದ ದಫ್ತರಿನಲ್ಲಿ ಒಮ್ಮೆ ಸತ್ತವಳಿಗೆ ರೇಷನ್ ಇಲ್ಲ, ವಿಧವಾ ವೇತನ ಇಲ್ಲ, ಖಾತೆ ಇಲ್ಲ. ನಾನು ಬದುಕಿದ್ದೇನೆ ಎಂದು ಸಾಧಿಸಲು ಜೀವಮಾನವೇ ಬೇಕಾಗುತ್ತದೆ.

ನೀಲಮ್ಮ ಮೊರವನ್ನು ಕಟ್ಟೆಗೆ ಕುಕ್ಕಿದಳು. “ಅವನ ಬಾಯಾಗ ಮಣ್ಣ ಬೀಳ್ಲಿ!” ಆದರೂ ಶರಣಮ್ಮ ಎಲ್ಲಿದ್ದಾಳೆಂದು ಹೇಳಲಿಲ್ಲ. ನನ್ನ ಮುಖ ನೋಡಿ, “ನಾವು ಕೂಡಿ ವಿಚಾರ ಮಾಡ್ತೀವ್ರಿ. ನೀವು ಜೀಪು ತಿರುಗಸ್ರಿ” ಎಂದಳು. ನಾನು ಬರಿಗೈಯಲ್ಲಿ ವಾಪಸು ಬಂದೆ.

ಮುಖ್ಯ ವ್ಯವಸ್ಥಾಪಕರಿಗೆ ಎಲ್ಲ ಹೇಳಿದೆ. “ಆಕೆ ಬದುಕಿದಾಳೆ ಅನ್ನೋದಕ್ಕೆ ಆಧಾರ ಏನ್ರೀ?” ಎಂದರು. “ಮಣ್ಣ ಕೊಟ್ಟವರು ಯಾರೂ ಇಲ್ರಿ ಸರ್” ಎಂದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. “ಇದನ್ನ ಫೈಲಲ್ಲಿ ಹೇಗ್ರೀ ಬರೆಯೋದು?” ಪಾಪ, ಅವರು ಕೇಳಿದ್ದೂ ಸರಿಯೇ. ವಿಚಾರಣೆಯ ದಿನ ನಾವು ತಕರಾರು ಎತ್ತಬಹುದು, ಆದರೆ ಏಳು ಜನರ ಸಹಿಯ ಎದುರು ನನ್ನ ಗುಮಾನಿಗೆ ಏನು ತೂಕ? ಒಂದು ವಾರ ಊಟ ರುಚಿಸಲಿಲ್ಲ. ಫೋನು ಬಡಿದರೆ ಶಹಾಪುರದ್ದೇ ಇರಬೇಕು ಎಂದು ಓಡುತ್ತಿದ್ದೆ. ಬೇರೆ ಯಾರದೋ ಇರುತ್ತಿತ್ತು. ಹೆಂಡತಿ, “ಸತ್ತಾಕೀನ ಇಷ್ಟ ನೆನಸಾಕತ್ತೀರಿ, ನಾ ಇದ್ದಾಕಿ ಇಲ್ಲೇ ಅದೀನ್ರಿ” ಎಂದು ಚೇಷ್ಟೆ ಮಾಡಿದರೂ ನನಗೆ ನಗು ಬರಲಿಲ್ಲ.

ವಿಚಾರಣೆಗೆ ಎರಡು ದಿನ ಮೊದಲು, ಮಂಗಳವಾರ, ಬ್ಯಾಂಕಿನ ಮುಂದೆ ಒಂದು ಟಂಟಂ ಆಟೊ ಬಂದು ನಿಂತಿತು. ಅದರಿಂದ ಓಣಿಗೆ ಓಣಿಯೇ ಇಳಿಯಿತು. ನೀಲಮ್ಮ, ಖಾಜಾಸಾಬ, ನಳದ ಹತ್ತಿರದವರು. ಅವರೆಲ್ಲರ ನಡುವೆ ತಲೆಯ ಮೇಲೆ ಸೆರಗು ಹೊದ್ದ, ನಲವತ್ತೈದರ ಆಸುಪಾಸಿನ ಒಬ್ಬ ಹೆಂಗಸು. ಅವರು ಆಕೆಯನ್ನು ಮದುಮಗಳ ಹಾಗೆ ಸುತ್ತುವರಿದು ನನ್ನ ಮೇಜಿನ ತನಕ ತಂದರು.

ಆಕೆ ಕೈ ಮುಗಿದು, “ಸತ್ತಾಕಿ ನಾನs ರೀ” ಎಂದಳು.

ಕೌಂಟರಿನ ಹುಡುಗಿಯರು ಬಾಯಿಗೆ ಕೈ ಹಿಡಿದು ನಕ್ಕರು. ನಾನು ಎದ್ದು ನಿಂತು ನನ್ನ ಕುರ್ಚಿಯನ್ನೇ ಅವಳಿಗೆ ಕೊಟ್ಟೆ. ಮೂವತ್ತು ವರ್ಷದ ನೌಕರಿಯಲ್ಲಿ ಸಾಲಗಾರರನ್ನು ಕಂಡು ನಾನು ಅಷ್ಟು ಸಂತೋಷಪಟ್ಟದ್ದು ಅದೇ ಮೊದಲು.

“ಎಲ್ಲಿದ್ದೆವ್ವಾ ಇಷ್ಟ ದಿನಾ?” ಎಂದೆ. ಆಕೆಯ ಬದಲು ನೀಲಮ್ಮ ಹೇಳಿದಳು. ಸುರಪುರದಲ್ಲಿ, ಬಸ್ ನಿಲ್ದಾಣದ ಹಿಂದಿನ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತ. ಬಸ್ಸಿನಲ್ಲಿ ಮುಕ್ಕಾಲು ತಾಸಿನ ಹಾದಿ ಅಷ್ಟೆ. ಓಣಿಯಿಂದ ಸುರಪುರಕ್ಕೆ ಹೋದವರೆಲ್ಲ ಆಕೆಯ ಕೈಯ ರೊಟ್ಟಿ ತಿಂದೇ ಬರುತ್ತಿದ್ದರು. ಆಕೆ ಮಾತ್ರ ಮನೆ ಬಿಟ್ಟ ದಿನದಿಂದ ಶಹಾಪುರದಲ್ಲಿ ಕಾಲಿಟ್ಟಿರಲಿಲ್ಲ. ಆ ಖಾನಾವಳಿ ನನಗೂ ಗೊತ್ತಿತ್ತು. ಸುರಪುರದ ಶಾಖೆಗೆ ಹೋದಾಗಲೆಲ್ಲ ನನ್ನ ಊಟ ಅಲ್ಲೇ.

“ನಿಮಗ ನಾ ಎಷ್ಟ ಸಲ ರೊಟ್ಟಿ ಮಾಡಿ ಕಳಸೀನ್ರಿ” ಎಂದಳು ಶರಣಮ್ಮ, ನೆಲ ನೋಡುತ್ತ. “ನಿಮ್ಮ ಜೀಪು ಕಂಡ ಕೂಡ್ಲೆ ಒಳಗಿನ ಖೋಲಿಗಿ ಹೋಗಿ ಕುಂದರ್ತಿದ್ದೆ. ಅಲ್ಲಿಂದs ಬಡದು ಕಳಸ್ತಿದ್ದೆ.”

ಎಷ್ಟು ಸಲ ಆ ರೊಟ್ಟಿ ಭೇಷಾಗಿದೆ ಎಂದು ಇನ್ನೊಂದು ಹಾಕಿಸಿಕೊಂಡಿದ್ದೆನೋ!

ಲೆಕ್ಕವನ್ನು ಬಿಡಿಸಿ ಹೇಳಿದೆ. ಮನೆ ಇಷ್ಟಕ್ಕೆ ಹೋಯಿತು, ಸಾಲ ಇಷ್ಟಿತ್ತು, ಪೂರ್ತಿ ತೀರಿತು, ಹೆಬ್ಬೆಟ್ಟಿನ ಜಾಮೀನೂ ಅಲ್ಲಿಗೇ ಮುಗಿಯಿತು, ಉಳಿದದ್ದು ನಿನ್ನದು. ರೊಕ್ಕದ ಮಾತು ಅವಳ ಕಿವಿಗೆ ಬಿದ್ದಂತೆಯೇ ಕಾಣಲಿಲ್ಲ. “ಜಾಮೀನು ಮುಗದದ? ಖರೇನs?” ಎಂದಳು. ಮುಗಿದಿದೆ ಎಂದೆ. ನೀಲಮ್ಮನ ಕೈ ಹಿಡಿದುಕೊಂಡು ಮತ್ತೆ ಅದನ್ನೇ ಕೇಳಿದಳು. ಕೊನೆಗೆ ಬಾಕಿ ಏನೂ ಇಲ್ಲ ಎಂದು ಬ್ಯಾಂಕಿನ ಕಾಗದದ ಮೇಲೆ ಬರೆಸಿ, ಮುಖ್ಯ ವ್ಯವಸ್ಥಾಪಕರ ಸಹಿ, ಮುದ್ರೆ ಹಾಕಿಸಿ ಕೈಗಿಟ್ಟೆ. ಖಾಜಾಸಾಬ ಅದನ್ನು ಗಟ್ಟಿಯಾಗಿ ಓದಿದ. ಆಗ ಶರಣಮ್ಮ ಬಿಕ್ಕಿ ಬಿಕ್ಕಿ ಅತ್ತಳು. ನೀಲಮ್ಮ ಅವಳ ಬೆನ್ನಿಗೆ ಒಂದು ಗುದ್ದಿ, “ಸತ್ತಾಗ ನಾವು ಅಳಲಿಲ್ಲ, ಈಗ್ಯಾಕ ಅಳ್ತಿ ಹುಚ್ಚಿ” ಎಂದು ತಾನೂ ಕಣ್ಣು ಒರೆಸಿಕೊಂಡಳು.

ಮಲ್ಲಣ್ಣನಿಗೆ ಫೋನು ಮಾಡಿ, ಹಣದ ವಿಷಯ ಇದೆ ಬಾ ಎಂದೆ. ಸುಳ್ಳೇನೂ ಹೇಳಲಿಲ್ಲ. ಅವನು ಮಧ್ಯಾಹ್ನದ ಹೊತ್ತಿಗೆ ಅದೇ ಬಿಳಿ ಅಂಗಿಯಲ್ಲಿ ಬಂದ. ಬಾಗಿಲು ದಾಟಿದವನು ಶರಣಮ್ಮನನ್ನು ಕಂಡು ನಿಂತಲ್ಲೇ ನಿಂತ. “ವೈನೀ…” ಎಂದ.

“ಬಾರಪಾ ಮೈದುನಾ” ಎಂದಳು ಶರಣಮ್ಮ. “ಮಣ್ಣ ಕೊಡಾಕ ಬಂದೀಯೇನು?”

ಅಷ್ಟೇ ಅವಳು ಅವನಿಗೆ ಅಂದದ್ದು. ಪೊಲೀಸರಿಗೆ ದೂರು ಕೊಡಬಹುದು ಎಂದು ನಾನು ಹೇಳಿದೆ. ಅವಳು ಒಲ್ಲೆನೆಂದಳು. ಸತ್ತವನ ತಮ್ಮ, ಮುಖ ಅವನ ಹಾಗೇ ಇದೆ, ಬಿಡ್ರಿ ಎಂದಳು. ಮಲ್ಲಣ್ಣ ಅರ್ಜಿ ವಾಪಸು ಪಡೆಯುವುದಾಗಿ ಅಲ್ಲೇ ಕುಳಿತು ಬರೆದುಕೊಟ್ಟ. ನನ್ನ ಕೈಯಲ್ಲಿದ್ದರೆ ಅವನನ್ನು ಅಷ್ಟು ಸಲೀಸಾಗಿ ಬಿಡುತ್ತಿರಲಿಲ್ಲ, ಆದರೆ ಸತ್ತಿದ್ದು ನಾನಲ್ಲವಲ್ಲ.

ಗುರುವಾರ ಶರಣಮ್ಮ ದಂಡಾಧಿಕಾರಿಗಳ ಮುಂದೆ ತಾನೇ ಹೋಗಿ ನಿಂತಳು, ಅರ್ಜಿ ಮುಕ್ತಾಯವಾಯಿತು. ಆಮೇಲೆ ವಾರಸುದಾರರ ಪ್ರಮಾಣಪತ್ರ ಬೇಕಾಯಿತು. ಅದರ ಪಂಚನಾಮೆಗೆ ಮತ್ತೆ ಅದೇ ಏಳು ಜನ ಸಹಿ ಹಾಕಬೇಕು. ಗ್ರಾಮ ಲೆಕ್ಕಿಗರು ತಲೆ ಕೆರೆದುಕೊಂಡು, “ಮೊದಲ ಸತ್ತಾಳ ಅಂತ ಬರಕೊಟ್ಟೀರಿ, ಈಗ ಬದುಕ್ಯಾಳ ಅಂತೀರಿ. ಮುಂದಿನ ಸಲ ಏನ್ರೆವ್ವಾ?” ಎಂದರು. “ಮುಂದಿನ ಸಲ ಮಣ್ಣ ಕೊಟ್ಟ ಮ್ಯಾಲೆ ಹೇಳ್ತೀವಿ ತಗೋ” ಎಂದಳು ನೀಲಮ್ಮ. ಹಣ ಶರಣಮ್ಮನ ಖಾತೆಗೆ ಜಮೆಯಾದ ದಿನ ಮುಖ್ಯ ವ್ಯವಸ್ಥಾಪಕರು ಸಿಬ್ಬಂದಿಗೆಲ್ಲ ಚಹಾ ತರಿಸಿದರು. ಆಡಿಟ್‌ನ ಒಂದು ಆಕ್ಷೇಪಣೆ ತೀರಿದ ಖುಷಿ ಅವರಿಗೆ. ನನ್ನ ಖುಷಿ ಬೇರೆ.

ಆ ಪ್ರಕರಣದ ನಂತರ ಉಳಿದ ನೌಕರಿಯಲ್ಲಿ, ಈಗ ನಿವೃತ್ತನಾದ ಮೇಲೂ ಬ್ಯಾಂಕು ಕರೆದಾಗ, ಇಂಥ ಉಳಿಕೆ ಹಣದ ಕೆಲಸಕ್ಕೆ ಹೊರಟರೆ ನಾನು ಜೀಪಿನಲ್ಲಿ ಹೋಗುವುದಿಲ್ಲ. ಬಸ್ಸಿನಲ್ಲಿ ಹೋಗುತ್ತೇನೆ, ಕಟ್ಟೆಯ ಮೇಲೆ ಕೂರುತ್ತೇನೆ, ಚಹಾ ಕೊಟ್ಟರೆ ಕುಡಿಯುತ್ತೇನೆ, ಆಮೇಲೆ ವಿಷಯ ತೆಗೆಯುತ್ತೇನೆ. ಮನೆ ಹೋದವರಿಗೆ ಹೆದರಿಕೆ ಹೋಗಿರುವುದಿಲ್ಲ. ನಾವು ಅಂಚೆಯಲ್ಲಿ ಕಳಿಸಿದ ಪತ್ರ ಆ ಹೆದರಿಕೆಯನ್ನು ದಾಟಿ ಒಳಗೆ ಹೋಗುವುದಿಲ್ಲ, ಮನುಷ್ಯನೇ ಹೋಗಬೇಕು. ಬ್ಯಾಂಕು ನನಗೆ ಕಲಿಸಿದ ನೂರು ಸುತ್ತೋಲೆಗಳಲ್ಲಿ ಇದು ಇರಲಿಲ್ಲ, ನೌಕರಿ ಕಲಿಸಿತು.

ನಿವೃತ್ತಿಯ ಮೊದಲು ಒಮ್ಮೆ ಸುರಪುರದ ಖಾನಾವಳಿಗೆ ಹೋಗಿದ್ದೆ. ಶರಣಮ್ಮ ತಾನೇ ತಾಟು ಹಿಡಿದು ಹೊರಗೆ ಬಂದು ಬಡಿಸಿದಳು. ಹಣದಲ್ಲಿ ಶಹಾಪುರದಲ್ಲೇ ಎರಡು ಖೋಲಿಯ ಮನೆ ನೋಡಿದ್ದಾಳಂತೆ, ನೀಲಮ್ಮ ಚೌಕಾಶಿಗೆ ಕುಳಿತಿದ್ದಾಳಂತೆ. “ರೊಕ್ಕ ಬಂದ ದಿನ ಮೊದಲ ಏನ ಮಾಡ್ದೆವ್ವಾ?” ಎಂದು ಕೇಳಿದೆ. ಸೀರೆ, ಬಂಗಾರ ಏನಾದರೂ ಹೇಳುತ್ತಾಳೆ ಅಂದುಕೊಂಡಿದ್ದೆ.

“ರೊಕ್ಕ ಮುಟ್ಟಿಲ್ರಿ” ಎಂದಳು. “ಮೊದಲ ಸಿಕ್ಕ ಬಸ್ಸಿಗಿ ಶಹಾಪುರಕ್ಕ ಹೋದೆ. ಮಟಮಟ ಮಧ್ಯಾಹ್ನದಾಗ, ತಲಿಮ್ಯಾಲಿನ ಸೆರಗು ತಗದು, ನಮ್ಮ ಓಣಿ ಈ ತುದಿಯಿಂದ ಆ ತುದೀತನಕ ಅಡ್ಡಾಡಿ ಬಂದೆ.”